ಎಲ್ಲಿಗೆ ಎಂಬ ಕಾಲಂ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಸಾರಿಗೆ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಓದುತ್ತಿದ್ದೆ. ಆ ವಿಷಯ ಓದುವವರಿಗೆಂದೇ ಒಂದು ಫೆಲೋಶಿಪ್ ಇತ್ತು. ಸಿಕ್ಕರೆ ಓದು ಮುಂದುವರಿಯುತ್ತದೆ. ಸಿಗದಿದ್ದರೆ ಶಿಕಾರಿಪುರದಲ್ಲಿ ಅಪ್ಪನ ಪಾತ್ರೆ ಅಂಗಡಿ. ಸಿಕ್ಕೇ ಸಿಗುತ್ತದೆ ಎಂಬುದರಲ್ಲಿ ನನಗೆ ಲವಲೇಶವೂ ಸಂಶಯವಿರಲಿಲ್ಲ. ಅರ್ಜಿಯ ಜೊತೆ ಒಂದು ಬಸ್ಸಿನ ಪ್ರಯಾಣಿಕರ ಸಮೀಕ್ಷೆ ಕಳಿಸಿದರೆ ಸಾಕಿತ್ತು. ಕಾಲಂ ಎರಡೇ: ಎಲ್ಲಿಂದ? ಎಲ್ಲಿಗೆ?

ಬೆಳಿಗ್ಗೆ ಎಂಟಕ್ಕೆ ನಮ್ಮೂರ ನಿಲ್ದಾಣದಲ್ಲಿ, ಸೊರಬಕ್ಕೆ ಹೊರಡುವ ಬಸ್ಸಿನ ಬಾಗಿಲಲ್ಲಿ ನಿಂತೆ. ಒಳಗೆ ಆಗಲೇ ಜನ ಕೂತಿದ್ದರು. ನಾನು ನಿಂತ ಮೇಲೆ ಮೊದಲು ಬಂದವರು ನಮ್ಮ ಬೀದಿಯ ವೀರಭದ್ರಪ್ಪನವರು, ಹೆಂಡತಿಯ ಜೊತೆ. ಮಗನಿಗೆ ಹೆಣ್ಣು ನೋಡಲು ಹೊರಟಿದ್ದರೆಂದು ಆಮೇಲೆ ತಿಳಿಯಿತು.

"ಎಲ್ಲಿಗೆ ಹೊರಟ್ರಿ, ಯಜಮಾನ್ರೇ?"

ಮೆಟ್ಟಿಲ ಮೇಲಿಟ್ಟ ಅವರ ಬಲಗಾಲು ಅಲ್ಲೇ ನಿಂತಿತು.

"ಹೊರಡೋ ಹೊತ್ನಾಗ ಎಲ್ಲಿಗೆ ಅಂತಾರೇನೋ ತಮ್ಮಾ? ದೂರಾನಾ ಅನ್ಬೇಕು!"

"ಫಾರಂನಲ್ಲಿ ಹಂಗಿಲ್ರಿ."

"ಇಳೀರಿ ಅತ್ಲಾಗೆ," ಎಂದರು ಅವರ ಹೆಂಡತಿ. "ಮನೀಗೆ ಹೋಗಿ, ಕುಂತು, ನೀರು ಕುಡ್ದು ಬರಾಣ."

ಈ ಪದ್ಧತಿ ನನಗೂ ಗೊತ್ತಿತ್ತು. ಆದರೆ ಇದು ವಿಜ್ಞಾನ! ಒಬ್ಬೊಬ್ಬರನ್ನೇ ಕೇಳಲು ಹೊರಟದ್ದು ತಪ್ಪಾಯಿತೆಂದು ನಿರ್ಧರಿಸಿ, ಒಳಗೆ ಹೋಗಿ ಇಡೀ ಬಸ್ಸಿಗೆ ಕೇಳುವಂತೆ ಕೂಗಿದೆ: "ಎಲ್ಲಾರೂ ಎಲ್ಲಿಗೆ ಹೊರಟೀರಿ?"

ಕಂಡದ್ದನ್ನಷ್ಟೇ ಬರೆಯುತ್ತೇನೆ. ಕೂತಿದ್ದವರು ಮೂವತ್ತೊಂದು ಜನ. ಇಳಿದವರು ಮೂವತ್ತೊಂದು ಜನ. ಕೊನೆಗೆ ಇಳಿದವರು ಗಡಿಯಾರ ರಿಪೇರಿಯ ಮೆಹಬೂಬ್ ಸಾಬರು.

"ನಾನು ಇದನ್ನೆಲ್ಲ ನಂಬಲ್ಲ ಬಿಡ್ರಿ," ಎಂದರು. "ಆದ್ರೂ ಯಾಕೆ ಬೇಕು?"

ಕಂಡಕ್ಟರ್ ನನ್ನೆದುರು ಬಂದು ನಿಂತ. ಸೀಟಿನ ಕೆಳಗೆ ಯಾರೋ ಮರೆತು ಇಳಿದ ಹುಂಜವೊಂದು ಕಾಲು ಕಟ್ಟಿಸಿಕೊಂಡು ಕೂತಿತ್ತು.

"ಉಳಿದಿರೋದು ಅದೊಂದೇ ಸ್ವಾಮಿ. ಅದನ್ನೂ ಕೇಳಿಬಿಡ್ರಿ!"

ಹುಂಜ ಎಲ್ಲಿಗೆ ಹೊರಟಿದೆಯೆಂದು ನನಗೆ ಗೊತ್ತಿತ್ತು. ಕೇಳಲಿಲ್ಲ.

ಮರುದಿನ ಅತ್ತಿಗೆಯ ಸಲಹೆಯಂತೆ ಸೊರಬಕ್ಕೇ ಹೋಗಿ, ಬಸ್ಸಿಳಿದವರನ್ನು ಕೇಳಿದೆ. ತಲುಪಿದ ಮೇಲೆ ಯಾವ ದೋಷವೂ ಇಲ್ಲವಲ್ಲ, ಕೇಳದ್ದನ್ನೂ ಹೇಳಿದರು. ಫಾರಂ ತುಂಬಿತು. ತಿಂಗಳೊಳಗೆ ಸಂದರ್ಶನಕ್ಕೆ ಕರೆಯೂ ಬಂತು!

ಸಂದರ್ಶನ ಬೆಂಗಳೂರಿನಲ್ಲಿ, ಬೆಳಿಗ್ಗೆಯೇ. ಹಿಂದಿನ ಸಂಜೆ ಬೆಂಗಳೂರಿನ ಕೊನೆಯ ಬಸ್ಸಿನ ಮೆಟ್ಟಿಲ ಮೇಲೆ ಬಲಗಾಲಿಟ್ಟೆ.

"ಏನೋ ತಮ್ಮಾ, ಎಲ್ಲಿಗೆ?"

ವೀರಭದ್ರಪ್ಪನವರು! ಮುಖದ ತುಂಬ ನಗು, ಕೈಯಲ್ಲಿ ಮಗನ ಮದುವೆ ಕಾಗದದ ಕಟ್ಟು.

"ಅವತ್ತು ನೀರು ಕುಡ್ದು ಹೋದ್ವು ನೋಡು, ಸಂಬಂಧ ಕುದುರೇಬಿಡ್ತು!"

ನಾನು ಇದನ್ನೆಲ್ಲ ನಂಬುವುದಿಲ್ಲ. ಆದರೂ ಯಾಕೆ ಬೇಕು? ಮನೆಗೆ ನಡೆದೆ. ಕೂತೆ. ನೀರು ಕುಡಿದೆ.

ಬಸ್ಸು ಸರಿಯಾದ ಸಮಯಕ್ಕೇ ಹೊರಟಿತಂತೆ.

ಈಗ ಪಾತ್ರೆ ಅಂಗಡಿಗೆ ಬಂದವರನ್ನು "ಎಲ್ಲಿಂದ ಬಂದ್ರಿ?" ಎಂದಷ್ಟೇ ಕೇಳುತ್ತೇನೆ. ಎರಡನೆಯ ಕಾಲಂಗೆ ಕೈಹಾಕುವುದಿಲ್ಲ.