ಮುಖವನ್ನು ಕುಗ್ಗಿಸಲೊಪ್ಪದ ಮಾವ

ನಮ್ಮ ಮಾವನ ಕೈಗೆ ಸಿಕ್ಕಿದ್ದರೆ ಕಾರವಾರದ ಸಮುದ್ರವನ್ನೂ ಒತ್ತಿ, ಕಟ್ಟಿ, ಒಂದು ಫ್ಲಾಪಿಯೊಳಗೆ ತುರುಕಿಬಿಡುತ್ತಿದ್ದ. ನಂಬುವುದಿಲ್ಲವೇ? ಹಾಗಾದರೆ ನೀವು ಅವನನ್ನು ನೋಡಿಲ್ಲ!

ಮಾವ ಎಂದರೆ ನಮ್ಮ ಆಯಿಯ, ಅಂದರೆ ಅಮ್ಮನ, ತಮ್ಮ. ಬಿಣಗಾದ ಕಾರ್ಖಾನೆಯಲ್ಲಿ ಕೆಲಸ. ಸಂಸಾರ ಇರಲಿಲ್ಲ, ಕಂಪ್ಯೂಟರ್ ಇತ್ತು. ಅದರಲ್ಲಿ ಯಾವ ಫೈಲೂ ಕೈಕಾಲು ಚಾಚಿ ಮಲಗುವಂತಿರಲಿಲ್ಲ. ನಾಲ್ಕು ಸಾಲಿನ ರಜಾ ಅರ್ಜಿಯನ್ನೂ ರಾರ್ ಎಂಬ ಸಾಫ್ಟ್‌ವೇರಿನಲ್ಲಿ ಒತ್ತಿ ಕುಗ್ಗಿಸಿ ಇಡುತ್ತಿದ್ದ. ಒಮ್ಮೆ ಅರ್ಜಿ ಒತ್ತಿದ ಮೇಲೆ ಮೊದಲಿಗಿಂತ ದೊಡ್ಡದಾಯಿತು! "ಅದ್ರೊಳಗೆ ಹಿಂಡೂಕೆ ಎಂತದೂ ಇಲ್ಲ," ಎಂದು ಮಾವ ಅರ್ಜಿಯನ್ನೇ ದೂರಿದ.

ಅಂಕೋಲೆಯ ನಮ್ಮ ಮನೆಗೆ ಬಂದರೆ ಆಯಿಗೂ ಪಾಠ. ಅವಳು ಹಾರವಾಡದಿಂದ ತಂದ ಒಣಮೀನು ಆರಿಸುತ್ತ ಕೂತಿರುತ್ತಿದ್ದಳು.

"ನೋಡು ಅಕ್ಕ, ಟಾರ್ ಅಂದ್ರೆ ಬರೀ ಬುಟ್ಟಿ. ಮೀನೆಲ್ಲ ಒಂದ್ಕಡೆ ಹಾಕೂದು, ಒಣಗ್ಸೂದಿಲ್ಲ. ಝಿಪ್ ಅಂದ್ರೆ ಒಂದೊಂದೇ ಬೇರೆ ಬೇರೆ ಒಣಗ್ಸಿ ಇಡೂದು. ರಾರ್‌ನಲ್ಲಿ ಎಲ್ಲಾ ಸೇರ್ಸಿ ಒತ್ತಬಹುದು. ಜಾಗ ಕಡಿಮೆ, ಆದ್ರೆ ಅಡಿಯ ಮೀನು ಬೇಕಂದ್ರೆ ಮೇಲಿಂದ ಎಲ್ಲಾ ಬಿಚ್ಚಬೇಕು."

"ಒಣಗ್ಸಿದ ಬಂಗಡೆ ನೀರಿಗೆ ಹಾಕಿದ್ರೆ ಮತ್ತೆ ಹಸೀ ಬಂಗಡೆ ಆಗ್ತದೇನೋ ತಮ್ಮ?"

"ಇದ್ರಲ್ಲಿ ಆಗ್ತದೆ. ಒಂದು ಮುಳ್ಳೂ ಕಡಿಮೆ ಆಗೂದಿಲ್ಲ."

"ಹಂಗಾರೆ ನಾಳೆಯಿಂದ ನೀನೇ ಒಣಗ್ಸು," ಎಂದು ಆಯಿ ಬುಟ್ಟಿಯನ್ನು ಅವನ ಕಡೆ ಸರಿಸಿದಳು.

ಇಂಥವನ ಕೈಗೆ ನನ್ನ ಭವಿಷ್ಯ ಕೊಟ್ಟರು! ಅರ್ಗಾದ ಒಂದು ಸಂಬಂಧ ಬಂದಿತ್ತು. ಹುಡುಗ ಸರಕು ಹಡಗಿನಲ್ಲಿದ್ದ, ಫೋಟೋ ಮೇಲ್‌ನಲ್ಲೇ ಹೋಗಬೇಕಿತ್ತು. ನನ್ನ ಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತು. ಅದನ್ನು ನೋಡಿಯೇ ಎರಡು ಸಂಬಂಧ ಜಾರಿದ್ದವು. ಈ ಸಲವಾದರೂ ಆಗಲಿ ಎಂದು ಆಯಿ ದೇವರಿಗೆ ಹರಕೆ ಹೊತ್ತು, ಪಕ್ಕದ ಮನೆಯ ಬಂಗಾರದ ಸರ ಹಾಕಿಸಿ ಫೋಟೋ ತೆಗೆಸಿದಳು. ಮಾವ ಅದನ್ನು ಸ್ಕ್ಯಾನ್ ಮಾಡಿ, ರಾರ್ ಮಾಡಿ, ಆದರೂ ಒಂದು ಮೇಲ್‌ನಲ್ಲಿ ಹಿಡಿಯದ್ದಕ್ಕೆ ಐದು ತುಂಡು ಮಾಡಿ, ಐದು ಮೇಲ್‌ಗಳಲ್ಲಿ ಕಳಿಸಿದ.

ವಾರಗಳು ಕಳೆದರೂ ಉತ್ತರವಿಲ್ಲ. ಇದೂ ತಪ್ಪಿತೆಂದು ಆಯಿ ಊಟ ಬಿಟ್ಟಳು. ಆಮೇಲೆ ಹುಡುಗನ ಮೇಲ್ ಬಂತು. ಐದೂ ತಲುಪಿವೆ, ಒಂದೂ ತೆರೆಯುವುದಿಲ್ಲ. ಹಡಗಿನ ಕಂಪ್ಯೂಟರಿಗೆ ಝಿಪ್ ಬಿಚ್ಚಲು ಬರುತ್ತದೆ, ರಾರ್ ಬರುವುದಿಲ್ಲ, ಹೊಸ ಸಾಫ್ಟ್‌ವೇರ್ ಹಾಕಲು ಅಪ್ಪಣೆ ಇಲ್ಲ!

"ನನ್ನ ಮಗಳನ್ನ ಐದು ತುಂಡು ಮಾಡಿ ಕಳಿಸ್ದ್ಯಲ್ಲೋ, ಮೀನು ಕೊಚ್ಚಿದಂಗೆ," ಎಂದಳು ಆಯಿ.

ಮಾವ ನನ್ನನ್ನು ಕರೆದುಕೊಂಡು ಮೇಲ್ ಕಳಿಸುವ ಕಾರವಾರದ ಸೈಬರ್ ಕೆಫೆಗೆ ಓಡಿದ. ಝಿಪ್ ಮಾಡಿದರೆ ಫೈಲು ರಾರ್‌ನಷ್ಟು ಕುಗ್ಗಲಿಲ್ಲ, ಒಂದು ಮೇಲ್‌ನಲ್ಲಿ ಹಿಡಿಯಲಿಲ್ಲ; ತುಂಡು ಮಾಡಿದರೆ ಹಡಗಿನಲ್ಲಿ ಜೋಡಿಸಲು ಬರುವುದಿಲ್ಲ.

"ಫೋಟೋನೇ ಸಣ್ಣ ಜೆಪೆಗ್ ಮಾಡಿಕೊಡ್ತೆ," ಎಂದ ಕೆಫೆಯವನು. "ಆ ಗುರುತೂ ಮಸುಕಾಗ್ತದೆ, ಚಂದ ಕಾಣ್ತದೆ."

"ಹಾಗೇ ಮಾಡಿ," ಎಂದೆ ನಾನು ಆಸೆಯಿಂದ.

"ಬೇಡ," ಎಂದ ಮಾವ. "ಝಿಪ್ ಮಾಡಿದ್ರೆ ಇದ್ದದ್ದು ಇದ್ದಂಗೇ ಸಿಗ್ತದೆ. ಜೆಪೆಗ್‌ನಲ್ಲಿ ಹೋದದ್ದು ಹೋಯ್ತು, ಮತ್ತೆ ಬರೂದಿಲ್ಲ."

ಆಮೇಲೆ ಫೋಟೋವನ್ನು ಸುತ್ತಲಿಂದ ಕತ್ತರಿಸಲು ಶುರು ಮಾಡಿದ. ಸ್ಟುಡಿಯೋದ ಪರದೆ ಹೋಯಿತು. ರೇಷ್ಮೆ ಸೀರೆ ಹೋಯಿತು. ಪಕ್ಕದ ಮನೆಯ ಸರವೂ ಹೋಯಿತು! ನನ್ನ ಮುಖವೊಂದೇ ಉಳಿಯಿತು, ಗಾಯದ ಗುರುತಿನ ಸಮೇತ. ಅದು ಝಿಪ್ಪಾಗಿ ಹಡಗಿಗೆ ಹೋಯಿತು. ಬಸ್ಸಿನಲ್ಲಿ ನಾನು ಮಾವನನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತೆ. ಮನೆಯಲ್ಲಿ ಆಯಿ, "ಬಂಗಾರ ತೆಗೆದು ಗಾಯ ಕಳಿಸ್ದ್ಯಾ?" ಎಂದು ತಲೆ ಚಚ್ಚಿಕೊಂಡಳು.

ಕೆಲವು ದಿನಗಳ ಮೇಲೆ ಮಾವನ ಫೋನ್ ಬಂತು. ಸೊಸೆಯಾದರೂ ನಾನು ಅವನಿಗೆ ಯಾವಾಗಲೂ 'ತಂಗಿ'ಯೇ.

"ತಂಗಿ, ಹುಡುಗ ಬರ್ದಿದಾನೆ. ಓದ್ತೆ, ಕೇಳು. 'ಈಗ ತೆರೆಯಿತು. ನನಗೆ ಒಪ್ಪಿಗೆ. ಹುಬ್ಬಿನ ಮೇಲೆ ಗಾಯ ಹೇಗಾಯಿತೆಂದು ಊರಿಗೆ ಬಂದಾಗ ಅವಳನ್ನೇ ಕೇಳುತ್ತೇನೆ...'"

ಮುಂದೆ ಓದಲು ಮಾವನಿಗೆ ಆಗಲಿಲ್ಲ. ಜಗತ್ತನ್ನೇ ಒತ್ತಿ ಕಟ್ಟುತ್ತಿದ್ದ ಆ ಮನುಷ್ಯ ಬಿಕ್ಕುತ್ತಿದ್ದ.

"ಪೂರಾ ನೋಡಿದಾನೆ ತಂಗಿ," ಎಂದ. "ಪೂರಾ ನೋಡಿದಾನೆ."

ನನ್ನನ್ನು ಇದ್ದಂತೆಯೇ ಕಳಿಸಲು ಹಠ ಹಿಡಿದವನು ಅವನೊಬ್ಬನೇ ಎಂದು ಆಗ ತಿಳಿದು ನನಗೂ ಅಳು ಬಂತು. ಹುಬ್ಬಿನ ಮೇಲೆ ಯಾವಾಗಲೂ ಎಳೆದುಕೊಳ್ಳುತ್ತಿದ್ದ ಕೂದಲನ್ನು, ಫೋನ್ ಹಿಡಿದುಕೊಂಡೇ, ಕಿವಿಯ ಹಿಂದೆ ಸರಿಸಿದೆ.