ಅಜ್ಜಿಯ ಊರುಗೋಲಿಗೆ ಇನ್ನೂರ ನಲವತ್ತು ವರ್ಷ

ನಗರದ ವಸ್ತುಸಂಗ್ರಹಾಲಯದ ಹನ್ನೊಂದನೆಯ ನಿಯಮದಂತೆ, ನೂರು ವರ್ಷ ದಾಟಿದ ಯಾವ ವಸ್ತುವೂ ಒಮ್ಮೆ ಒಳಗೆ ಬಂದ ಮೇಲೆ ಹೊರಗೆ ಹೋಗುವಂತಿಲ್ಲ. ನಮ್ಮ ಅಜ್ಜಿಗೆ ಎಪ್ಪತ್ತೊಂಬತ್ತು. ಆದ್ದರಿಂದ ಅವಳಿಗೆ ಯಾವ ಅಪಾಯವೂ ಇರಲಿಲ್ಲ. ಅವಳ ಊರುಗೋಲಿಗೆ ನಾಲ್ಕು. ಅದಕ್ಕೂ ಅಪಾಯವಿರುತ್ತಿರಲಿಲ್ಲ, ಜೊತೆಗೆ ನಾನು ಇಲ್ಲದಿದ್ದರೆ.

ನನ್ನ ಬಗ್ಗೆ ಎರಡು ಮಾತು ಹೇಳಲೇಬೇಕು, ಹೇಳದಿದ್ದರೆ ನಷ್ಟ ನಿಮಗೇ. ಅರ್ಜಿ, ತಕರಾರು, ಸನ್ಮಾನಪತ್ರ, ಏನು ಬರೆಸಬೇಕಾದರೂ ನಮ್ಮೂರಿನ ಜನ ನನ್ನ ಬಾಗಿಲಿಗೇ ಬರುತ್ತಾರೆ. ಕೆರೆಗೆ ಬಿದ್ದ ಎಮ್ಮೆಯೊಂದರ ಬಗ್ಗೆ ನಾನು ಬರೆದ ಅರ್ಜಿಯನ್ನು ಓದಿ, ದೊಡ್ಡ ಅಧಿಕಾರಿಯೊಬ್ಬರು ಎಮ್ಮೆಯ ಕುಟುಂಬದವರಿಗೆ ಸಾಂತ್ವನದ ಪತ್ರ ಕಳಿಸಿದ್ದರು. ಎಮ್ಮೆ ಈಗಲೂ ಬದುಕಿದೆ. ಪತ್ರವೂ ಇದೆ.

ರಜೆಗೆ ಅಜ್ಜಿಗೆ ಪಟ್ಟಣ ತೋರಿಸಲು ಹೊರಟಿದ್ದೆ. ಮ್ಯೂಸಿಯಂ, ಅದರೊಳಗಿನ ಅಂಗಡಿ, ಅಂಗಳದಾಚೆಯ ನವ್ಯಕಲಾ ಭವನ, ಮೂರಕ್ಕೂ ಒಂದೇ ಟಿಕೆಟ್ಟು. ಬಾಗಿಲಲ್ಲೇ ಸಾಮಾನು ಇಡುವ ಕೌಂಟರ್. ಕೋಲು, ಕೊಡೆ, ಚೀಲ ಒಳಗೆ ಬಿಡುವುದಿಲ್ಲ. ಕೊಟ್ಟು ಟೋಕನ್ ಪಡೆಯಬೇಕು, ಟೋಕನ್ನಿಗೆ ನಮೂನೆ ತುಂಬಬೇಕು. ವಸ್ತುವಿನ ಹೆಸರು, ವಯಸ್ಸು, ಮಹತ್ವ. ನನ್ನ ಮುಂದಿದ್ದ ಪಟ್ಟಣದವನು ತನ್ನ ಕೊಡೆಯ ಮಹತ್ವದ ಜಾಗದಲ್ಲಿ ‘ವಿದೇಶಿ’ ಎಂದು ಬರೆದು ನನ್ನ ಕಡೆ ನೋಡಿದ. ನೋಡಬಾರದಿತ್ತು.

ನಾನು ಬರೆದೆ: ‘ಇನ್ನೂರ ನಲವತ್ತು ವರ್ಷ. ನಮ್ಮ ಮುತ್ತಾತನ ಮುತ್ತಾತ ಈ ಕೋಲಿನಿಂದಲೇ ಹುಲಿಯೊಂದರ ಅಷ್ಟೂ ಹಲ್ಲು ಉದುರಿಸಿದರು. ಹುಲಿ ಉಳಿದ ಆಯಸ್ಸನ್ನು ಹಾಲು ಕುಡಿದು ಕಳೆಯಿತು.’

“ಏನೋ ಅಷ್ಟುದ್ದ ಬರೀತಿದ್ದೀಯ?” ಅಜ್ಜಿ ಬೆಂಚಿನ ಮೇಲಿಂದ ಕೇಳಿದಳು. “ಕೋಲು ಅಂತ ಬರೆದು ಬಾ, ಸಾಕು.”

“ಸುಮ್ನಿರಜ್ಜಿ. ನಮ್ಮ ಮನೆತನ ಏನು ಅಂತ ಇವರಿಗೂ ಗೊತ್ತಾಗ್ಲಿ.”

“ಬಕೆಟ್ ಅಂಗಡೀಲಿ ತಂದ ಕೋಲಿಗೂ ಮನೆತನಕ್ಕೂ ಏನೋ ಸಂಬಂಧ?”

ಅಜ್ಜಿ ನನ್ನ ಭುಜ ಹಿಡಿದು ಎರಡು ಕೋಣೆ ನೋಡಿದಳು. ಮಡಕೆ ಚೂರುಗಳ ಮುಂದೆ ತುಂಬ ಹೊತ್ತು ನಿಂತು, “ಇದನ್ನ ಒಡೆದವಳ ಅತ್ತೆ ಒಳ್ಳೇವಳು ಕಣೋ. ಬೈಯೋದು ಬಿಟ್ಟು ಎತ್ತಿಟ್ಟಿದ್ದಾಳೆ” ಎಂದಳು. ಮೂರನೆಯ ಕೋಣೆಯ ಹೊತ್ತಿಗೆ ನನ್ನ ಭುಜ ಸಾಲದಾಯಿತು. ಕೋಲು ತರಲು ಕೌಂಟರಿಗೆ ಹೋದೆ.

“ಕೋಲು ಇಲ್ಲಿಲ್ಲ ಸಾರ್,” ಗುಮಾಸ್ತ ಎದ್ದು ನಿಂತು ಹೇಳಿದ. “ಮೇಲಿನ ಮಹಡೀಲಿದೆ. ಗಾಜಿನ ಪೆಟ್ಟಿಗೇಲಿ.”

“ಮುಕ್ಕಾಲು ಗಂಟೇಲಿ?”

“ವಾಪಸ್ ಕೊಡೋ ಕಡತಕ್ಕೆ ವರ್ಷಗಟ್ಟಲೆ ಬೇಕು. ಇಟ್ಕೊಳ್ಳೋದು ಬೇಗ ಆಗುತ್ತೆ.”

ಅಜ್ಜಿಯನ್ನು ಲಿಫ್ಟಿನಲ್ಲಿ ಮೇಲೆ ಕರೆದುಕೊಂಡು ಹೋದೆ. ಕೋಲು ಕೆಂಪು ಮಖಮಲ್ಲಿನ ಮೇಲೆ ಮಲಗಿತ್ತು. ಪಕ್ಕದ ಫಲಕ ಹೀಗಿತ್ತು: ‘ಹುಲಿದಂಡ. ತುದಿಯಲ್ಲಿ ರಬ್ಬರಿನ ಪಾದ; ಹುಲಿಗೆ ಸದ್ದು ಕೇಳಿಸದಿರಲೆಂದು ಪೂರ್ವಿಕರು ಮಾಡಿಕೊಂಡ ಏರ್ಪಾಡು. ಹಿಡಿಯ ಕೆಳಗೆ ಸಣ್ಣ ಬಿಳಿ ಚೀಟಿ, ಅದರ ಮೇಲೆ ಉದ್ದುದ್ದ ಕಪ್ಪು ಗೆರೆಗಳ ಲಿಪಿ. ಇದನ್ನು ಇನ್ನೂ ಓದಲಾಗಿಲ್ಲ. ಸಂಶೋಧನೆ ನಡೆದಿದೆ.’

ಬಿಳಿ ಕೈಗವಸು ಹಾಕಿದ್ದ ಕ್ಯುರೇಟರ್ ಮೇಡಂ ನಮ್ಮಿಬ್ಬರಿಗೂ ಅಭಿನಂದನೆ ಹೇಳಿದರು.

“ಅದು ಲಿಪಿ ಅಲ್ಲ ತಾಯಿ,” ಅಜ್ಜಿ ಅಂದಳು. “ಬಿಲ್ ಮಾಡೋಕೆ ಹಾಕಿರೋ ಗೆರೆ. ಅಂಗಡಿಯವನು ಮೆಷಿನ್ ಹಿಡಿದ, ಅದು ‘ಕೀ’ ಅಂತು.”

ಮೇಡಂ ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡರು: ‘ಗೆರೆಗಳ ಉಚ್ಚಾರಣೆ: ಕೀ. ಆಧಾರ: ಮನೆತನದ ಹಿರಿಯ ಮಹಿಳೆ.’

“ಮೇಡಂ, ನಾನು ಬರೆದದ್ದು ಸುಳ್ಳು,” ಎಂದೆ. ಈ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಹುಟ್ಟಿದ ಮೇಲೆ ಅದೇ ಮೊದಲು. ಅದಕ್ಕೆ ಸಿಗಬೇಕಾದ ಗೌರವ ಸಿಗಲಿಲ್ಲ. ಅವರು ಹದಿನಾಲ್ಕನೆಯ ನಿಯಮ ತೋರಿಸಿದರು: ದಾಖಲಾದ ವಸ್ತುವಿನ ವಯಸ್ಸನ್ನು ಮನವಿಯ ಮೇರೆಗೆ ಏರಿಸಬಹುದು, ಇಳಿಸುವಂತಿಲ್ಲ.

“ವಯಸ್ಸು ಇಳಿಯೋದನ್ನ ನೀವು ಎಲ್ಲಾದ್ರೂ ನೋಡಿದ್ದೀರಾ?” ಎಂದರು. ನೋಡಿರಲಿಲ್ಲ.

“ಹಾಗಾದ್ರೆ ನಾನು ಮನೆಗೆ ಹೋಗೋದು ಹೇಗೆ?” ಅಜ್ಜಿ ನನ್ನ ಮುಖ ನೋಡಿದಳು. “ಬಸ್ ಇಳಿದ ಮೇಲೆ ಒಂದೂವರೆ ಮೈಲಿ ನಡೀಬೇಕು. ಕೋಲಿಲ್ದೆ ಹೊಸಲು ದಾಟೋಕಾಗಲ್ಲ ನನಗೆ.”

“ನಾನು ಎತ್ಕೊಂಡು ಹೋಗ್ತೀನಜ್ಜಿ.”

“ನೀರಿನ ಕೊಡ ಎತ್ತೋಕೆ ನಡು ಹಿಡ್ಕೊಳ್ತೀಯ. ನನ್ನ ಎತ್ತುತ್ತಾನಂತೆ.”

ಮೇಡಂ ಕರುಣಾಮಯಿ. ಕೆಳಗಿನ ಅಂಗಡಿಯಲ್ಲಿ ಹುಲಿದಂಡದ ಪ್ರತಿಕೃತಿ ಆಗಲೇ ಬಂದಿದೆ ಎಂದು ತಿಳಿಸಿದರು. ಹೋಗಿ ನೋಡಿದರೆ ಒಂದು ಡಜನ್ ನಿಂತಿದ್ದವು. ಅದೇ ಮರ, ಅದೇ ರಬ್ಬರು, ಅದೇ ಗೆರೆ. ಅಜ್ಜಿಯ ಕೋಲಿನ ನಾಲ್ಕು ಪಟ್ಟು ಬೆಲೆ. “ಅಷ್ಟು ಹಳೇ ಕೆಲಸವನ್ನ ಹಾಗೇ ಮಾಡೋದು ಕಷ್ಟ ಸಾರ್,” ಎಂದಳು ಅಂಗಡಿಯವಳು. ಕೊಂಡೆ. ಅಜ್ಜಿ ಅದನ್ನು ಊರಿ ನಾಲ್ಕು ಹೆಜ್ಜೆ ಇಟ್ಟಳು. ಐದನೆಯದಕ್ಕೆ ಗಾರ್ಡ್ ಅಡ್ಡ ಬಂದ.

“ಒಳಗೆ ಕೋಲು ಊರೋ ಹಾಗಿಲ್ಲಮ್ಮ. ಕೌಂಟರಲ್ಲಿ ಕೊಡಿ.”

“ಹೊರಗೇ ಹೋಗ್ತಿದ್ದೀನಲ್ಲಪ್ಪ.”

“ಹೊರಗೆ ಹೋಗೋಕೂ ಒಳಗಿಂದಲೇ ಹೋಗ್ಬೇಕಲ್ವಾ?”

ಮತ್ತೆ ನಮೂನೆ. ಈ ಸಲ ಎದೆ ಗಟ್ಟಿ ಮಾಡಿಕೊಂಡು ಬರೆದೆ: ‘ಹೊಸದು. ಮಹತ್ವ ಏನೂ ಇಲ್ಲ.’ ನಾನು ಬರೆದವುಗಳಲ್ಲಿ ಅತ್ಯಂತ ಕಳಪೆ ವಾಕ್ಯ ಅದು. ಗುಮಾಸ್ತ ಎರಡು ಸಲ ಓದಿದ.

“ಹೊಸದು, ಮಹತ್ವ ಇಲ್ಲ. ಇದು ಎದುರಿನ ಭವನಕ್ಕೆ ಹೋಗ್ಬೇಕು ಸಾರ್. ನಿಯಮ ಇಪ್ಪತ್ತು.”

ನಾವು ಕುಂಟುತ್ತ ಅಂಗಳ ದಾಟುವಷ್ಟರಲ್ಲಿ ಕೋಲು ಬಿಳಿ ಕೋಣೆಯ ಬಿಳಿ ಗೋಡೆಗೆ ಒರಗಿತ್ತು. ಮುಂದೆ ಹಗ್ಗ ಕಟ್ಟಿತ್ತು. ನಾಲ್ಕು ಜನ ಗಲ್ಲಕ್ಕೆ ಕೈಯಿಟ್ಟು ನಿಂತಿದ್ದರು. ಐದನೆಯವನೊಬ್ಬ ಪಕ್ಕದ ಬೆಂಕಿ ಆರಿಸುವ ಸಿಲಿಂಡರಿನ ಮುಂದೆ ಅದೇ ಭಂಗಿಯಲ್ಲಿದ್ದ. ಭವನದ ಕಪ್ಪು ಅಂಗಿಯ ಮುಖ್ಯಸ್ಥರು ನಿಟ್ಟುಸಿರಿಟ್ಟು, “ಇದರಲ್ಲಿ ಏನೋ ಒಂದು ಕೊರತೆ ಕಾಣ್ತಿದೆ” ಎಂದರು.

“ಕಾಣ್ದೇ ಏನು,” ಎಂದಳು ಅಜ್ಜಿ. ನನ್ನ ಭುಜ ಬಿಟ್ಟಳು, ಹಗ್ಗ ತಳ್ಳಿದಳು, ಕೋಲು ತೆಗೆದುಕೊಂಡಳು, ಮಂಡಿಯನ್ನು ಶಪಿಸುತ್ತ ಬಾಗಿಲಿನ ಕಡೆ ನಡೆದಳು. ನೋಡುತ್ತಿದ್ದವರು ಸರಿದು ದಾರಿ ಬಿಟ್ಟರು. ಒಬ್ಬಾಕೆ ಕಣ್ಣೊರೆಸಿಕೊಂಡಳು.

“ಈ ಕೃತಿಯ ಹೆಸರು?” ಮುಖ್ಯಸ್ಥರು ಪಿಸುದನಿಯಲ್ಲಿ ಕೇಳಿದರು.

“ಎಂಥ ಹೆಸರಪ್ಪ. ಮನೆಗೆ ಹೋಗ್ತಿದ್ದೀನಿ.”

ಎರಡೇ ನಿಮಿಷದಲ್ಲಿ ಫಲಕ ಬಂತು: ‘ಮನೆಗೆ ಹೋಗ್ತಿದ್ದೀನಿ. ಮಾಧ್ಯಮ: ಅಜ್ಜಿ, ಕೋಲು.’ ಆದರೆ ಮುಖ್ಯಸ್ಥರು ಬಾಗಿಲಿಗೆ ಅಡ್ಡ ನಿಂತರು. ಕೃತಿ ಭವನದ ಹೊರಗೆ ಹೋಗಬೇಕಾದರೆ ‘ಸಂಚಾರಿ ಪ್ರದರ್ಶನ’ ಎಂದು ಮಂಜೂರಾಗಬೇಕು. ಅದಕ್ಕೆ ಕಾರಣ ಸಹಿತ ಅರ್ಜಿ ಬೇಕು.

ಅರ್ಜಿ ಎಂದರು. ನನ್ನ ಮುಂದೆ.

ಮೂರು ಪುಟ ಬರೆದೆ. ಈ ಕೃತಿ ನಿಂತರೆ ಸಾಯುತ್ತದೆ, ನಡೆದರೆ ನಾಡು ಏಳುತ್ತದೆ, ಹಳ್ಳಿಯ ಮಣ್ಣು ಎರಡು ಸಾವಿರ ವರ್ಷದಿಂದ ಇದೇ ಹೆಜ್ಜೆಗಾಗಿ ಕಾದಿದೆ ಎಂದೆಲ್ಲ. ಹನ್ನೊಂದನೇ ನಿಮಿಷಕ್ಕೆ ಆದೇಶ ಹೊರಬಿತ್ತು: ‘ಕೃತಿಯು ತನ್ನ ಊರಿನಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಸಂಚರಿಸತಕ್ಕದ್ದು. ಐದಾದ ಮೇಲೆ ಇದ್ದಲ್ಲೇ ಇರತಕ್ಕದ್ದು. ಸಾರ್ವಜನಿಕರು ಮುಟ್ಟಬಾರದು.’

ಗಾರ್ಡ್ ಸೆಲ್ಯೂಟ್ ಹೊಡೆದ. ಬಸ್ಸಿನ ಕಂಡಕ್ಟರ್ ಆದೇಶ ಓದಿ, ಅಜ್ಜಿಯ ಅಕ್ಕಪಕ್ಕದ ಸೀಟು ಖಾಲಿ ಮಾಡಿಸಿದ. ನಾನು ನಿಂತೇ ಬಂದೆ.

ಈಗ ಎಂಟು ತಿಂಗಳಾಯಿತು. ಆದೇಶವನ್ನು ಅಜ್ಜಿ ಅಕ್ಷರಶಃ ಪಾಲಿಸುತ್ತಿದ್ದಾಳೆ. ಐದು ಹೊಡೆದಾಗ ಯಾರ ಮನೆಯ ಮುಂದೆ ಇರುತ್ತಾಳೋ ಅಲ್ಲೇ ಕೂರುತ್ತಾಳೆ; ಊಟ, ಹಾಸಿಗೆ, ಕಾಲಿಗೆ ಬಿಸಿನೀರು ಆ ಮನೆಯವರ ಹೊಣೆ. ಅಮ್ಮ ಮೊದಲ ವಾರ ಅಜ್ಜಿಯನ್ನು ಮನೆಗೆ ಕರೆತರಲೆಂದು ಜಗಳಕ್ಕೆ ಹೋದಳು. ಆದೇಶದ ಕೆಳಗಿನ ಮೊಹರು ನೋಡಿ, ಹೊದಿಕೆ ಕೊಟ್ಟು ವಾಪಸ್ ಬಂದಳು. ಅಜ್ಜಿಯ ಐದು ಗಂಟೆ ಇದುವರೆಗೂ ಚೆನ್ನಾಗಿ ಅಡುಗೆ ಮಾಡುವವರ ಮನೆಯ ಮುಂದೆಯೇ ಆಗಿರುವುದು ಕೇವಲ ಆಕಸ್ಮಿಕ ಎಂದು ಪಂಚಾಯಿತಿ ಸಭೆ ಒಮ್ಮತದಿಂದ ದಾಖಲಿಸಿದೆ. ಐದಕ್ಕೆ ಹತ್ತು ನಿಮಿಷ ಇರುವಾಗ ನಮ್ಮ ಬೀದಿಯಲ್ಲಿ ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಅಡುಗೆ ಚೆನ್ನಾಗಿಲ್ಲವೆಂದು ಹೆಸರಾದವರು ತೆರೆದಿಟ್ಟು ಕಾಯುತ್ತಾರೆ.