ಲಗೂ ಏಳದ ಕಂಪ್ಯೂಟರುಗಳು ಮತ್ತು ನಮ್ಮ ಚಾಚಾ

ಹೊಸ ಕಂಪ್ಯೂಟರ್ ಜೋಡಿಸಿ ಕೊಟ್ಟ ಮೂರನೇ ದಿನಕ್ಕೆ ಗಿರಾಕಿಯ ಫೋನ್ ಬಂದರೆ, ಎತ್ತುವ ಮೊದಲೇ ನನಗೆ ಮಾತು ಗೊತ್ತು: “ಎಲ್ಲಾ ಛಲೋ ಐತ್ರಿ, ಆದ್ರ ಲಗೂ ಏಳವಲ್ದು.” ಬೇಗ ಚಾಲೂ ಆಗುತ್ತಿಲ್ಲ ಎಂಬ ಈ ದೂರನ್ನು ಹುಬ್ಬಳ್ಳಿಯ ಈ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಕೇಳುತ್ತಿದ್ದೇನೆ. ಅಂಗಡಿ ಚಾಚಾ ಅವರದು. ಮೊದಲು ರೇಡಿಯೋ, ಆಮೇಲೆ ಟಿವಿ, ಈಗ ಕಂಪ್ಯೂಟರ್. ಯಂತ್ರ ಬಿಚ್ಚುವ ಮೊದಲು ಅದರ ಮಾಲಕನನ್ನು ಮಾತಾಡಿಸುವುದು ಅವರ ಪದ್ಧತಿ. ನಾನೋ, ಸ್ಕ್ರೂ ಡ್ರೈವರ್ ಹಿಡಿದೇ ಒಳಗೆ ಹೋಗುವವನು. ನಮ್ಮಿಬ್ಬರ ನಡುವಿನ ವ್ಯತ್ಯಾಸ ಅಷ್ಟೇ, ಆದರೆ ಅದು ದೊಡ್ಡದು.

ಧಾರವಾಡದ ಸರ್

ಅವರು ನಿವೃತ್ತ ಇತಿಹಾಸ ಪ್ರಾಧ್ಯಾಪಕರು. ಹೊಸ ಕಂಪ್ಯೂಟರಿಗೆ ಇನ್ನೊಂದು ಮೆಮೊರಿ ಹಾಕಲು ಅವರ ಮನೆಗೆ ಹೋಗಿದ್ದೆ. ಹಾಕಿದೆ, ಕರೆಂಟ್ ಹೋಯಿತು, ಚಾಲೂ ಮಾಡಿ ನೋಡದೆ ಬಂದುಬಿಟ್ಟೆ. ಸಂಜೆ ಅವರ ಫೋನು: “ಪರದಾ ಕಪ್ಪಗ ಕುಂತೈತಿ.” ಬಂದ್ ಮಾಡಿ ಮತ್ತೆ ಹಚ್ಚಿರಿ ಎಂದೆ. ಹತ್ತು ನಿಮಿಷಕ್ಕೆ ಮತ್ತೆ ಫೋನು, ದನಿ ಏರಿತ್ತು. ಚಾಚಾ ಫೋನ್ ಇಸಿದುಕೊಂಡರು.

“ಸರ್, ಹಚ್ಚಿ ಎಷ್ಟ್ ಹೊತ್ತು ಕಾದ್ರಿ?”

“ಒಂದ್ ನಿಮಿಷ. ಬರಲಿಲ್ಲ, ಬಂದ್ ಮಾಡಿದೆ. ಹಿಂಗ ಏಳ್ ಸಲ ಮಾಡೇನಿ.”

“ಇನ್ನೊಂದ್ ಸಲ ಹಚ್ರಿ. ಹಚ್ಚಿ ಅಡಗೀಮನಿಗೆ ಹೋಗಿ ಚಹಾ ಮಾಡ್ಕೊಂಡು, ಆರಾಮ ಕುಂತು ಕುಡೀರಿ. ಅಲ್ಲೀತನಕ ಅದರ ಕಡೆ ನೋಡಬ್ಯಾಡ್ರಿ.”

ವಿಷಯ ಇಷ್ಟೇ. ಹೊಸ ಮೆಮೊರಿ ಹಾಕಿದಾಗ ಆ ಯಂತ್ರ ಮೊದಲ ಸಲ ಅದನ್ನು ಪೂರ್ತಿ ಪರೀಕ್ಷೆ ಮಾಡಿಕೊಳ್ಳುತ್ತದೆ, ಅದಕ್ಕೆ ಐದಾರು ನಿಮಿಷ ಬೇಕು. ಸರ್ ಪ್ರತಿ ಸಲ ನಡುವೆ ಬಂದ್ ಮಾಡುತ್ತಿದ್ದರು, ಅದು ಪ್ರತಿ ಸಲ ಮೊದಲಿಂದ ಶುರು ಮಾಡುತ್ತಿತ್ತು.

ಸ್ವಲ್ಪ ಹೊತ್ತಿಗೆ ಸರ್ ಖುಷಿಯಿಂದ ಫೋನ್ ಮಾಡಿದರು. “ಚಾಲೂ ಆತು! ಆದ್ರ ಒಂದ್ ಸಂಶಯ. ನನಗ ಶುಗರ್ ಐತಿ, ಚಹಾಕ್ಕ ಸಕ್ಕರಿ ಹಾಕಿದ್ದಿಲ್ಲ. ಮುಂದ ಏನೂ ತೊಂದ್ರಿ ಆಗೂದಿಲ್ಲಲ್ಲ?”

ತಾರಿಹಾಳದ ಸಾಹುಕಾರರು

ಇವರದು ಲೇಥ್ ಮಷೀನುಗಳ ವರ್ಕ್‌ಶಾಪು. ಹೊಸ ಕಂಪ್ಯೂಟರಿನೊಳಗೆ ಹಳೆಯ ಹಾರ್ಡ್ ಡಿಸ್ಕೂ ಇರಲೇಬೇಕು ಎಂದು ಹಟ ಹಿಡಿದು ಹಾಕಿಸಿಕೊಂಡಿದ್ದರು. ಯಂತ್ರ ಏಳಲು ಆರು ನಿಮಿಷ. ಚಾಚಾ ಕ್ಯಾಬಿನೆಟ್ ಮೇಲೆ ಅಂಗೈ ಇಟ್ಟು ನೋಡಿ, “ಹಳೇ ಡಿಸ್ಕ್ ಸಾಯಾಕತ್ತೈತಿ. ಅದು ಉತ್ತರಾ ಕೊಡೂತನಕ ಉಳಿದಾವೆಲ್ಲಾ ಕಾಯ್ತಾವು” ಎಂದರು.

ಸಾಹುಕಾರರ ಮುಖ ಬಿಳುಪೇರಿತು. “ಹದಿನೈದು ವರ್ಷದ ಡ್ರಾಯಿಂಗ್ ಎಲ್ಲಾ ಅದರಾಗ ಅದಾವ್ರಿ!”

ನಾನಾಗಿದ್ದರೆ ಕಿತ್ತು ಕೈಗೆ ಕೊಟ್ಟು ಬರುತ್ತಿದ್ದೆ. ಚಾಚಾ ಅರ್ಧ ದಿನ ಅದರ ಮುಂದೆ ಕುಳಿತು, ರೋಗಿಗೆ ಗಂಜಿ ಕುಡಿಸುವವರ ಹಾಗೆ ಒಂದೊಂದೇ ಫೈಲನ್ನು ಹೊಸದಕ್ಕೆ ಇಳಿಸಿದರು. ಒಂದು ಡ್ರಾಯಿಂಗೂ ಹೋಗಲಿಲ್ಲ. ಆಮೇಲೆ ಹಳೆಯ ಡಿಸ್ಕನ್ನು ಬಿಚ್ಚಿ ತೆಗೆದು ಕಂಪ್ಯೂಟರ್ ಹಚ್ಚಿದರೆ ಹತ್ತೇ ಸೆಕೆಂಡಿಗೆ ಎದ್ದು ನಿಂತಿತು. ಸಾಹುಕಾರರು ಮಾತ್ರ ಸಪ್ಪಗಾದರು.

“ಯಾಕ್ರೀ, ಏನಾತು?”

“ದಿನಾ ಇದನ್ನ ಹಚ್ಚಿ, ಇದು ಏಳೂದ್ರಾಗ ಪೂಜಿ ಮುಗಸ್ತಿದ್ದೆ. ಇನ್ನ ದೇವರ ಪಾಲಿಗೆ ಹತ್ತ ಸೆಕೆಂಡ್ ಅಷ್ಟ ಉಳೀತಲ್ರಿ!”

ರಾಯಾಪುರದ ಅಕ್ಕಾವ್ರು

ಬ್ಲೌಸಿಗೆ ಕಸೂತಿ ಹಾಕುವ ಅಕ್ಕಾವ್ರ ಕಂಪ್ಯೂಟರ್ ಮನೆಯಲ್ಲಿ ನಿಧಾನ, ಅಂಗಡಿಗೆ ತಂದರೆ ಜೋರು. ಎರಡು ಸಲ ಆಟೋದಲ್ಲಿ ಹೊತ್ತು ತಂದರು, ಎರಡು ಸಲವೂ ನಾನು “ಏನೂ ಆಗಿಲ್ರಿ” ಎಂದು ಕಳಿಸಿದೆ. ಮೂರನೇ ಸಲ ಕಂಪ್ಯೂಟರ್ ಜೊತೆ ಒಂದು ನೋಟ್‌ಬುಕ್ ಕೂಡ ಬಂತು. ಯಾವ ದಿನ ಕಂಪ್ಯೂಟರಿಗೆ ಏನೇನು ಚುಚ್ಚಿದ್ದರು, ಏಳಲು ಎಷ್ಟು ಹೊತ್ತಾಯಿತು, ಎಲ್ಲ ಅಳತೆ ಬರೆದಂತೆ ಬರೆದಿದ್ದರು. ಡಿಸೈನ್ ಇರುವ ಪೆನ್ ಡ್ರೈವ್ ಚುಚ್ಚಿದ ದಿನ ಮೂರು ನಿಮಿಷ, ತೆಗೆದ ದಿನ ಹದಿನಾಲ್ಕು ಸೆಕೆಂಡ್. ಯಂತ್ರ ಮೊದಲು ಪೆನ್ ಡ್ರೈವಿನಲ್ಲೇ ತನ್ನ ವಿಂಡೋಸ್ ಹುಡುಕುತ್ತಿತ್ತು! ಅಂಗಡಿಗೆ ತರುವಾಗ ಆ ಪೆನ್ ಡ್ರೈವ್ ಮನೆಯಲ್ಲೇ ಉಳಿಯುತ್ತಿತ್ತು.

ಚಾಚಾ ನೋಟ್‌ಬುಕ್ಕನ್ನು ಎರಡೂ ಕೈಯಿಂದ ವಾಪಸ್ ಕೊಟ್ಟರು. “ಅಕ್ಕಾ, ನಾಳೆಯಿಂದ ನೀವು ಅಂಗಡಿಗೆ ಬರ್ರಿ. ಇವನ್ನ ನಿಮ್ಮ ಬ್ಲೌಸಿನ ಕೆಲಸಕ್ಕ ಕಳಸ್ತೇನಿ.”

ಅಕ್ಕಾವ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಬ್ಯಾಡ್ರಿ ಚಾಚಾ. ನಮ್ಮಲ್ಲಿ ಒಂದ್ ಸಲ ಅಳತಿ ತಪ್ಪಿದ್ರ ಗಿರಾಕಿ ಮತ್ತ ಬರೂದಿಲ್ಲ.”

ಚಾಚಿ

ಧಾರವಾಡದ ಒಂದು ಕೋಚಿಂಗ್ ಸೆಂಟರಿನ ಮೇಡಂಗೆ ಇಪ್ಪತ್ತು ಕಂಪ್ಯೂಟರ್ ಬೇಕಿತ್ತು. ಶರತ್ತು ಒಂದೇ: ಇಪ್ಪತ್ತು ಸೆಕೆಂಡಿನಲ್ಲಿ ಏಳಬೇಕು. ಮಾದರಿಗೆ ಒಂದನ್ನು ಜೋಡಿಸಿ ಇಟ್ಟಿದ್ದೆವು. ಮೇಡಂ ಕೈಗಡಿಯಾರ ಹಿಡಿದು ನಿಂತರು. ಚಾಚಾ ಗೋಡೆಯ ಬೋರ್ಡಿನ ಸ್ವಿಚ್ಚನ್ನೂ ಕಂಪ್ಯೂಟರಿನ ಬಟನ್ನನ್ನೂ ಒತ್ತಿದರು. ಫ್ಯಾನ್ ತಿರುಗಿತು, ಸ್ಪೀಕರಿನಿಂದ ವಿಂಡೋಸಿನ ಟಿಣ್ ದನಿಯೂ ಬಂತು. ಪರದೆ ಮಾತ್ರ ಕಪ್ಪು. ಚಿತ್ರ ಮೂಡಿದ್ದು ಒಂದೂವರೆ ನಿಮಿಷಕ್ಕೆ.

“ಇನ್ನೊಂದ್ ಸಲ” ಎಂದರು ಮೇಡಂ. ಬೋರ್ಡಿನ ಸ್ವಿಚ್ ತೆಗೆದು ಮತ್ತೆ ಹಚ್ಚಿದರೆ ಅದೇ ಕಥೆ. ನಾನು ಮೆಮೊರಿ ಬದಲಿಸಿದೆ, ವೈರು ಬದಲಿಸಿದೆ. ಚಾಚಾರ ಹಣೆಯಲ್ಲಿ ಬೆವರು. ನಾನು ಅವರನ್ನು ಹಾಗೆ ಕಂಡಿದ್ದು ಅದೇ ಮೊದಲು.

ಚಾಚಾಗೆ ಬುತ್ತಿ ತಂದಿದ್ದ ಅವರ ಹೆಂಡತಿ, ನಮ್ಮ ಚಾಚಿ, ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. “ಅದು ಆಗಲೇ ಎದ್ದೈತಲ್ರಿ” ಎಂದರು.

“ಎಲ್ಲಿ ಎದ್ದೈತಿ?” ಚಾಚಾ ಸಿಡುಕಿದರು. “ಪರದಾ ಕಪ್ಪ ಐತಿ, ಕಾಣವಲ್ದೇನು?”

ಚಾಚಿ ಮೇಡಂ ಕಡೆ ತಿರುಗಿದರು. “ಇವ್ರೂ ದಿನಾ ಮುಂಜಾನೆ ಹಿಂಗ ನೋಡ್ರಿ ಮೇಡಂ. ಮೊದಲ ದನಿ ಏಳ್ತೈತಿ, ‘ಪೇಪರ್ ಬಂತೇನ?’ ಅಂತ. ಕಣ್ಣ ತೆರಿಯೂದು ಅರ್ಧಾ ತಾಸಿನ ಮ್ಯಾಲೆ. ಮನಷ್ಯಾ ಎದ್ದಿರ್ತಾನ್ರಿ, ಕಣ್ಣಷ್ಟ ಎದ್ದಿರೂದಿಲ್ಲ.”

ಚಾಚಾ ತಿರುಗಿ ಮಾನಿಟರ್ ನೋಡಿದರು. ಅದು ಅಂಗಡಿಯ ಹಳೆಯ ಮಾನಿಟರ್. ಬೆಳಿಗ್ಗೆ ಅದನ್ನು ಹಚ್ಚಿಟ್ಟು ಕಸ ಗುಡಿಸಲು ಹೋಗುತ್ತೇವೆ, ಆಮೇಲೆ ಬಾಗಿಲು ಹಾಕುವವರೆಗೂ ಆರಿಸುವ ರೂಢಿಯೇ ಇಲ್ಲ, ಹೀಗಾಗಿ ಅದು ಬೆಳಗಲು ಎಷ್ಟು ಹೊತ್ತು ತಗೊಳ್ಳುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಓಡಿಹೋಗಿ ಹೊಸದನ್ನು ತಂದು ಜೋಡಿಸಿದೆ. ಹನ್ನೆರಡೇ ಸೆಕೆಂಡ್!

ಮೇಡಂ ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಂಡರು. “ಇಪ್ಪತ್ತೂ ನೀವ ಜೋಡಸ್ರಿ ಚಾಚಾ. ಆದ್ರ ರಿಪೇರಿಗೆ ಮಾತ್ರ ಚಾಚಿ ಅವರನ್ನ ಕಳಸ್ರಿ.”

ಚಾಚಾ ಎದೆಯ ಮೇಲೆ ಕೈ ಇಟ್ಟುಕೊಂಡು, ಹೆಂಡತಿಯ ಕಡೆ ಹೆಮ್ಮೆಯಿಂದ ನೋಡಿದರು. “ಅವ್ರಿಗೆ ಪುರಸೊತ್ತಿಲ್ರಿ ಮೇಡಂ. ಮೂವತ್ತು ವರ್ಷದಿಂದ ಈ ಒಂದ ಹಳೇ ಮಾಡೆಲ್ ರಿಪೇರಿ ಮಾಡಾಕತ್ತಾರ, ಇನ್ನೂ ಮುಗಿದಿಲ್ಲ!”